ರೂನೆ ತೆಗೆದುಕೊಂಡಿದ್ದ ಹಳಿ

"ಹಳಿ ಖಾಲಿ ಇದೆ ಗುನಿಲ್ಲಾ. ಯಂತ್ರ ಇಳಿಸಿ ಆಯ್ತು, ನಾವೆಲ್ಲ ಬೇಲಿಯಿಂದ ಆಚೆ ಇದೀವಿ. ಬಿಡು ಗಾಡಿ."

ರೈಲು ನಿಯಂತ್ರಣ ಕೊಠಡಿಯಲ್ಲಿ ಗುನಿಲ್ಲಾ ಫೋನನ್ನು ಕಿವಿಗೆ ಒತ್ತಿಕೊಂಡು ಮೇಜಿನ ಮೇಲಿದ್ದ ಹಾಳೆಯನ್ನು ಹತ್ತಿರಕ್ಕೆ ಎಳೆದುಕೊಂಡಳು. ಹೊಲ್ಮ್‌ಬೆಕ್‌ನಿಂದ ಮುಂದಕ್ಕೆ ಆರು ಕಿಲೋಮೀಟರ್ ಒಂಟಿ ಹಳಿಯನ್ನು ಬೆಳಿಗ್ಗೆ ಹತ್ತಕ್ಕೆ ದುರಸ್ತಿಯವರಿಗೆ ಬಿಟ್ಟುಕೊಟ್ಟಿದ್ದಳು. ತೆಗೆದುಕೊಂಡವರು ಎಂಬಲ್ಲಿ ರೂನೆಯ ಹೆಸರಿತ್ತು. ಈಗ ಮಾತಾಡುತ್ತಿದ್ದವನು ಅವನ ಜೊತೆಗಾರ ಯಾರ್ಮೊ.

"ರೂನೆ ಎಲ್ಲಿ?"

"ಕಾಫಿಗೆ ಹೋದ. ಹನ್ನೊಂದೂವರೆ ಆಯ್ತು ಅಂದ್ರೆ ಅವನಿಗೆ ಬನ್ನು ಬೇಕೇ ಬೇಕು, ನಿಂಗೊತ್ತಲ್ಲ. ಫೋನು ಇಲ್ಲೇ ಚಾರ್ಜಿಗೆ ಹಾಕಿದಾನೆ. ನೀನೇ ಹೇಳ್ಬಿಡು ಅಂದ."

"ಅವನೇ ಹೇಳ್ಬೇಕು ಯಾರ್ಮೊ. ತಗೊಂಡವನೇ ವಾಪಸ್ ಕೊಡ್ಬೇಕು."

"ಇಪ್ಪತ್ತು ವರ್ಷದಿಂದ ನನ್ನ ದನಿ ಕೇಳ್ತಿದೀಯ. ನಿಮ್ಮನೆ ನಾಯಿಮರಿ ಕೊಟ್ಟಿದ್ದೂ ನಾನೇ. ಆ ನಾಯಿಗಿರೋ ನಂಬಿಕೆ ನಿಂಗಿಲ್ವಲ್ಲ."

"ಹೋಗಿ ಕರ್ಕೊಂಡು ಬಾ."

"ಕಾರು ಅವನ ಹತ್ರ ಇದೆ. ಪೆಟ್ರೋಲ್ ಬಂಕಿಗೆ ಎರಡು ಕಿಲೋಮೀಟರ್ ನಡೀಬೇಕು."

"ನಡಿ."

ಗಡಿಯಾರದಲ್ಲಿ ಹನ್ನೊಂದು ನಲವತ್ತೆಂಟು. ಪರದೆಯ ಮೇಲೆ ಹೊಲ್ಮ್‌ಬೆಕ್‌ನಲ್ಲಿ ಹನ್ನೊಂದೂ ಇಪ್ಪತ್ತರ ಗಾಡಿಯ ಕೆಂಪು ಗೀಟು ಏಳು ನಿಮಿಷದಿಂದ ಅಲುಗದೆ ನಿಂತಿತ್ತು. ಆ ಗಾಡಿಯೊಳಗೆ ಅವಳ ತಮ್ಮ ಹೋಕನ್ ಇದ್ದ.

ಮೂರು ದಿನದ ರಜೆಯ ಮೇಲೆ ಜೈಲಿನಿಂದ ಬಂದಿದ್ದ. ಇವತ್ತು ಒಂದು ಗಂಟೆಯೊಳಗೆ ಗೇಟಿನಲ್ಲಿ ಹೆಸರು ಬರೆಸಬೇಕು. ಚಳಿಗಾಲದಲ್ಲೊಮ್ಮೆ ತಡವಾಗಿ ಹೋಗಿದ್ದ. ಇನ್ನೊಮ್ಮೆ ತಡವಾದರೆ ಬೇಸಿಗೆಯ ರಜೆ ಇಲ್ಲ ಎಂದು ಕಾಗದದಲ್ಲೇ ಬರೆದುಕೊಟ್ಟಿದ್ದರು. ಬೇಸಿಗೆಯ ರಜೆ ಎಂದರೆ ಜೂನ್ ಹತ್ತು. ಅವನ ಮಗಳು ತಿಲ್ಡಾ ಶಾಲೆ ಮುಗಿಸಿ, ಪಾಸಾದವರು ಹಾಕುವ ಬಿಳಿ ಟೋಪಿ ಹಾಕಿಕೊಂಡು ಶಾಲೆಯ ಮೆಟ್ಟಿಲಿಳಿಯುವ ದಿನ.

"ಒಂಬತ್ತೂ ಇಪ್ಪತ್ತರ ಗಾಡಿಗೇ ಹೋಗ್ತೀನಿ ಅಕ್ಕ," ಎಂದು ನಿನ್ನೆ ಸಂಜೆ ಅವನು ಚೀಲ ತುಂಬಿಟ್ಟುಕೊಂಡಿದ್ದ. ತಿಲ್ಡಾ ತಾಯಿಯ ಮನೆಯಿಂದ ಬರುವುದು ಒಂಬತ್ತೂವರೆಗೆ. ಅಪ್ಪ ಮಗಳು ಒಟ್ಟಿಗೆ ಕೂತು ಪ್ಯಾನ್‌ಕೇಕ್ ತಿನ್ನಲಿ ಎಂದು ಗುನಿಲ್ಲಾಗೆ ಆಸೆಯಾಗಿತ್ತು. ರಾತ್ರಿಯೇ ಹಿಟ್ಟು ಕಲೆಸಿಟ್ಟಿದ್ದಳು. "ಹನ್ನೊಂದೂ ಇಪ್ಪತ್ತರದ್ದಕ್ಕೆ ಹೋಗೋ. ಮೇಜಿನ ಮುಂದೆ ನಾನೇ ಕೂತಿರ್ತೀನಿ. ನಾನೇ ನಿನ್ನ ಕಳಿಸ್ತೀನಿ," ಎಂದಿದ್ದಳು.

ಈಗ ಬಿಟ್ಟರೆ ಸರಿಹೋಗುತ್ತದೆ. ಎರಡು ಸಲ ಮೌಸ್ ಒತ್ತಿದರೆ ಆ ಹಳಿಗೆ ಹಾಕಿದ ತಡೆ ಹೋಗುತ್ತದೆ. ಯಾರ್ಮೊ ಸುಳ್ಳು ಹೇಳುವವನಲ್ಲ. ಆದರೆ ಆ ಆರು ಕಿಲೋಮೀಟರಿನ ಇನ್ನೊಂದು ತುದಿಗೆ ರೂನೆ ಬೇರೆ ಯಾರನ್ನಾದರೂ ಕಳಿಸಿದ್ದರೆ, ಅದು ಯಾರ್ಮೊಗೆ ಗೊತ್ತಿರುವುದಿಲ್ಲ. ಅವಳು ಮೌಸಿನಿಂದ ಕೈ ತೆಗೆದು ತೊಡೆಯ ಮೇಲೆ ಇಟ್ಟುಕೊಂಡಳು.

ಹನ್ನೆರಡಕ್ಕೆ ಗಾಡಿಯ ಚಾಲಕಿ ಕರೆ ಮಾಡಿದಳು. "ಇಲ್ಲೊಬ್ಬರು ನನ್ನ ಬಾಗಿಲು ಬಿಟ್ಟು ಹೋಗ್ತಾನೇ ಇಲ್ಲ. ಎಷ್ಟೊತ್ತು ಅಂತ ಹೇಳ್ಲಿ?"

"ಗೊತ್ತಿಲ್ಲ ಅಂತ ಹೇಳಿ."

"ಅವರ ಅಕ್ಕ ನಿಮ್ಮಲ್ಲೇ ಕೆಲಸ ಮಾಡ್ತಾರಂತೆ. ಅವಳಿಗೆ ವಿಷಯ ಗೊತ್ತಾದ್ರೆ ಸಾಕು, ಬಿಡ್ತಾಳೆ ಅಂತಿದಾರೆ."

"ಅವಳಿಗೆ ಗೊತ್ತಿದೆ ಅಂತ ಹೇಳಿ," ಎಂದಳು ಗುನಿಲ್ಲಾ.

ಪಕ್ಕದ ಮೇಜಿನ ಪೇಡರ್ ತಲೆಗೆ ಹಾಕಿಕೊಂಡಿದ್ದ ಮೈಕು ಸರಿಸಿ ಇತ್ತ ತಿರುಗಿದ. "ನಾನು ಕೂರ್ಲಾ? ನೀನು ಸ್ವಲ್ಪ ಹೊರಗೆ ಹೋಗಿ ಬಾ."

"ನೀನು ಕೂತ್ರೂ ಇದೇ ಹಾಳೆ ಅಲ್ವಾ."

ಅವನು ಹಾಳೆ ನೋಡಿದ. ತನ್ನ ಬಿಸ್ಕತ್ತಿನ ಪೊಟ್ಟಣವನ್ನು ಅವಳ ಕಡೆಗೆ ತಳ್ಳಿದ.

ಹನ್ನೆರಡೂ ಹದಿನಾಲ್ಕಕ್ಕೆ ರೂನೆ ಕರೆ ಮಾಡಿದ. ಬಾಯಲ್ಲಿ ಇನ್ನೂ ಏನೋ ಇತ್ತು. "ಏನಮ್ಮ ತಾಯಿ, ಆ ಯಾರ್ಮೊ ಬೆವರು ಸುರಿಸ್ಕೊಂಡು ಬಂದ. ಹನ್ನೊಂದು ಮೂವತ್ತೈದಕ್ಕೇ ಖಾಲಿ ಇತ್ತು."

"ಪೂರ್ತಿ ಹೆಸರು ಹೇಳಿ. ಎಲ್ಲಿಂದ ಎಲ್ಲಿವರೆಗೆ ಅಂತಾನೂ ಹೇಳಿ."

ಅವನು ಹೇಳಿದ. ಅವಳು ಒಂದೊಂದು ಮಾತನ್ನೂ ತಿರುಗಿ ಓದಿ, ಸಮಯ ಬರೆದು, ತಡೆ ತೆಗೆದಳು. ಜೈಲಿರುವ ಸ್ತೂರ್‌ನೆಸ್‌ವರೆಗೂ ಹೋಕನ್‌ನ ಗಾಡಿಗೆ ದಾರಿ ಬಿಡಿಸಿಕೊಟ್ಟಳು. ಎದುರಿನಿಂದ ಬರುತ್ತಿದ್ದ ಮರದ ಗೂಡ್ಸನ್ನು ಪಕ್ಕದ ಹಳಿಗೆ ಹಾಕಿ ನಿಲ್ಲಿಸಿದಳು. ಕಳೆದುಹೋದ ಮೂವತ್ತಮೂರು ನಿಮಿಷದಲ್ಲಿ ಒಂದನ್ನೂ ವಾಪಸು ಗಳಿಸಲು ಆಗಲಿಲ್ಲ. ಆ ಹಳಿಯ ಮೇಲೆ ಅದಕ್ಕಿಂತ ಜೋರಾಗಿ ಹೋಗುವಂತಿರಲಿಲ್ಲ.

ಹನ್ನೆರಡೂ ಐವತ್ತೆಂಟಕ್ಕೆ ಕೆಂಪು ಗೀಟು ಸ್ತೂರ್‌ನೆಸ್ ತಲುಪಿತು. ಒಂದು ನಿಮಿಷ ನಿಂತು ಮುಂದೆ ಹೋಯಿತು. ಪ್ಲಾಟ್‌ಫಾರ್ಮಿನ ಹಳಿ ಮತ್ತೆ ಬೂದು ಬಣ್ಣಕ್ಕೆ ತಿರುಗಿತು.

ಅಲ್ಲಿಂದ ಜೈಲಿನ ಗೇಟಿಗೆ ಎರಡು ಕಿಲೋಮೀಟರ್, ಬಲಕ್ಕೆ ಹೋಗಿ ಮರದ ಡಿಪೋ ದಾಟಬೇಕು. ಪರದೆಯಲ್ಲಿ ಹಳಿಗಳಿದ್ದವು, ಸಿಗ್ನಲ್‌ಗಳಿದ್ದವು; ರಸ್ತೆ ಇರಲಿಲ್ಲ. ಗುನಿಲ್ಲಾ ಬೂದು ಗೀಟಿನ ಬಲಕ್ಕೆ ಕಪ್ಪು ಗಾಜಿನ ಮೇಲೆ ಬೆರಳಿಟ್ಟಳು. ಓಡುವವನಿಗೆ ಎಷ್ಟು ಹೊತ್ತು ಬೇಕೋ ಅಷ್ಟೇ ನಿಧಾನವಾಗಿ, ಅದನ್ನು ಸರಿಸುತ್ತ ಹೋದಳು.