ಪೈಪಿಗೆ ಹೊಲಿದ ಅಂಗಿ

ಆಗಷ್ಟೇ ಆರಿಸಿದ ದೀಪದ ಬತ್ತಿಗೆ ಒಂದು ವಾಸನೆ ಇರುತ್ತದೆ. ಅವಳ ಬಾಲ್ಯವೆಲ್ಲ ಆ ವಾಸನೆಯಲ್ಲೇ ಕಳೆದಿತ್ತು. ಊಟ ಮುಗಿದು ಕೈಯ ತೇವ ಆರುವ ಮೊದಲೇ ಅಮ್ಮ ಉಫ್ ಎಂದು ದೀಪ ಊದಿಬಿಡುತ್ತಿದ್ದಳು. "ಎಣ್ಣೆ ನಾಳೆಗೂ ಬೇಕಲ್ಲ" ಎಂಬ ಮಾತು ಕತ್ತಲೆಯಿಂದ ಬರುತ್ತಿತ್ತು. ನಾಳೆಗೆ ಏನೂ ಉಳಿದಿರುವುದಿಲ್ಲವೇನೋ ಎಂಬ ಹೆದರಿಕೆ ಆಗಲೇ ಆ ಮಗುವಿನ ಹೊಟ್ಟೆಯೊಳಗೆ ಹೋಗಿ ಕೂತಿತು. ಕೂತದ್ದು ಎದ್ದು ಹೋಗಲೇ ಇಲ್ಲ.

ಈಗ ಅವಳು ಒಂದು ಮಗುವಿನ ತಾಯಿ. ಲಾಂಡ್ರಿಯಲ್ಲಿ ಇಸ್ತ್ರಿ ಮಾಡುವ ಕೆಲಸ. ಬೀದಿಯವರೆಲ್ಲ ಅವಳನ್ನು ಚೂರಮ್ಮ ಎನ್ನುತ್ತಾರೆ. ಸವೆದ ಸೋಪಿನ ಚೂರುಗಳನ್ನೆಲ್ಲ ಹಳೆಯ ಕಾಲುಚೀಲದಲ್ಲಿ ತುಂಬಿ, ಬಾಯಿ ಹೊಲಿದು, ಅದರಲ್ಲೇ ತಿಂಗಳುಗಟ್ಟಲೆ ಪಾತ್ರೆ ತೊಳೆದವಳು ಆಕೆ. ಆ ಹೆಸರಿಟ್ಟದ್ದು ಅದೇ ಕಟ್ಟಡದ ಮಹಡಿಯಲ್ಲಿರುವ ಮೇಲ್ಮನೆಯಾಕೆ. ಚೂರಮ್ಮ ಬೇಸರಪಟ್ಟುಕೊಂಡವಳಲ್ಲ. "ಚೂರು ಕೂಡಿಸಿದ್ರೇನೇ ಅಲ್ವಾ ಇಡೀದು?" ಎಂದು ನಕ್ಕುಬಿಡುತ್ತಿದ್ದಳು.

ಎರಡು ತಿಂಗಳಿಂದ ಆ ನಗು ಕಡಿಮೆಯಾಗಿತ್ತು. ಗಂಡನ ಗಾಜಿನ ಕಾರ್ಖಾನೆಯಲ್ಲಿ ಒಂದು ಕುಲುಮೆ ಆರಿಸಿದ್ದರು. ವಾರಕ್ಕೆ ಆರು ದಿನ ಇದ್ದ ಕೆಲಸ ಮೂರು ದಿನಕ್ಕೆ ಇಳಿದಿತ್ತು. ಮಿಕ್ಕ ಕುಲುಮೆ ಯಾವಾಗ ಆರುತ್ತದೋ ಯಾರಿಗೂ ಗೊತ್ತಿರಲಿಲ್ಲ. ಚೂರಮ್ಮನ ಹೊಟ್ಟೆಯಲ್ಲಿ ಕೂತಿದ್ದ ಹೆದರಿಕೆ ಈಗ ಎದ್ದು ಮನೆಯೆಲ್ಲ ಓಡಾಡತೊಡಗಿತು. ಅದು ಹೇಳಿದಲ್ಲೆಲ್ಲ ಅವಳು ಬಿಗಿ ಹಿಡಿದಳು. ತರಕಾರಿಗೆ ಚೀಟಿ ಬರೆದುಕೊಂಡೇ ಹೋಗುವುದು, ಚೀಟಿಯಲ್ಲಿ ಇಲ್ಲದ್ದನ್ನು ಕಣ್ಣೆತ್ತಿಯೂ ನೋಡದಿರುವುದು. ಅಕ್ಕಿ ತೊಳೆದ ನೀರು ಗಿಡಕ್ಕೆ. ಮಗಳ ಚಿಕ್ಕದಾದ ಲಂಗದ ಅಂಚಿಗೆ ಬೇರೆ ಬಣ್ಣದ ಪಟ್ಟಿ.

ಅಡುಗೆಮನೆಯಲ್ಲಿ ಇನ್ನೂ ಮೂರು ಉಪಾಯಗಳನ್ನು ಅವಳೇ ಕಂಡುಹಿಡಿದಿದ್ದಳು. ಗಾಳಿಗೆ ಉರಿ ಅಲುಗಿ ಗ್ಯಾಸು ದಂಡವಾಗಬಾರದೆಂದು ಕಿಟಕಿಯನ್ನು ಸದಾ ಮುಚ್ಚಿಟ್ಟಳು. ಸಿಲಿಂಡರಿನ ಮೇಲಿನ ರೆಗ್ಯುಲೇಟರನ್ನು ದಿನಾ ತಿರುಗಿಸಿದರೆ ಬೇಗ ಸವೆಯುತ್ತದೆಂದು ಅದನ್ನು ಮುಟ್ಟುವುದನ್ನೇ ಬಿಟ್ಟು, ಒಲೆಯ ಗುಂಡಿಯನ್ನಷ್ಟೇ ಆರಿಸತೊಡಗಿದಳು. ಒಲೆಯ ಬಳಿ ರಬ್ಬರ್ ಪೈಪು ಒಂದು ಕಡೆ ಬಿರುಕು ಬಿಟ್ಟಾಗ ಟೇಪು ಸುತ್ತಿ, ಹಳೆಯ ದಿಂಬಿನ ಕವರಿನಿಂದ ಪೈಪಿಗೊಂದು ಉದ್ದನೆಯ ಹೂವಿನ ಅಂಗಿ ಹೊಲಿದು ತೊಡಿಸಿದಳು.

"ಪೈಪಿಗೆ ಅಂಗಿ! ನನ್ನ ಬನಿಯನ್ನಿನ ತೂತು ಮಾತ್ರ ಕಾಣ್ಸಲ್ಲ ನಿಂಗೆ," ಎಂದಿದ್ದ ಗಂಡ.

"ಬನಿಯನ್ ತೂತಾದ್ರೆ ನೀವೇನು ಸೋರ್ತೀರಾ?" ಎಂದಿದ್ದಳು ಅವಳು.

ಆ ದಿನ ಬೆಳಿಗ್ಗೆ ಮಗಳು ಪುಟ್ಟಿ ಶಾಲೆಗೆ ಹೊರಡುವಾಗ ಮೂಗು ಮುಚ್ಚಿಕೊಂಡಳು. "ಅಮ್ಮ, ಅಡುಗೆಮನೇಲಿ ಏನೋ ಕೊಳ್ತಿದೆ."

"ಹೊರಗಿನ ಚರಂಡಿ ಕಣೇ. ನಡಿ, ಹೊತ್ತಾಯ್ತು."

ಚೂರಮ್ಮನಿಗೆ ವಾರದಿಂದ ನೆಗಡಿ. ಅತ್ತೆಯ ಮೂಗು ಹೋದ ವರ್ಷದ ಜ್ವರದಿಂದಲೇ ಸತ್ತುಹೋಗಿತ್ತು. ಗಂಡ ನಸುಕಿಗೇ ಬೇರೆ ಕೆಲಸ ಹುಡುಕಿಕೊಂಡು ಹೋಗಿದ್ದ. ಮನೆಯಲ್ಲಿ ಕೆಲಸ ಮಾಡುತ್ತಿದ್ದ ಮೂಗು ಪುಟ್ಟಿಯದೊಂದೇ. ಅದರ ಮಾತನ್ನು ಯಾರೂ ಕೇಳಲಿಲ್ಲ.

ಮಧ್ಯಾಹ್ನ ಲಾಂಡ್ರಿಯ ಗ್ಯಾಸ್ ಇಸ್ತ್ರಿಪೆಟ್ಟಿಗೆ ಕೆಟ್ಟಿತು. ರಿಪೇರಿಗೆ, ಎಲ್ಲರೂ ಒಲೆ ಅಕ್ಕ ಎಂದು ಕರೆಯುವಾಕೆ ಬಂದಳು. ನಲವತ್ತು ದಾಟಿದ ಹೆಂಗಸು, ಹೆಗಲಲ್ಲಿ ಸಲಕರಣೆಯ ಚೀಲ, ಬೆರಳಲ್ಲೆಲ್ಲ ಮಸಿ. ಸುತ್ತಲಿನ ಬೀದಿಗಳ ಒಲೆಗಳೆಲ್ಲ ಅವಳ ಕೈಯಲ್ಲೇ ರಿಪೇರಿಯಾದವು. ಬಂದವಳೇ ಮೊದಲು ಫ್ಯಾನನ್ನು ಬೆವರುತ್ತಿದ್ದ ಚೂರಮ್ಮನ ಕಡೆ ತಿರುಗಿಸಿ, ಆಮೇಲೆ ನೆಲದ ಮೇಲೆ ಕೂತಳು.

ಮಾತಾಡುತ್ತಾ ಚೂರಮ್ಮ ತನ್ನ ಉಳಿತಾಯದ ಕಥೆ ಬಿಚ್ಚಿದಳು.

"ಕಾಳು ನೆನೆಸಿಟ್ಟು ಬೇಯಿಸ್ತೀನಕ್ಕ. ಹೆಚ್ಚೋದು, ತೊಳೆಯೋದು ಎಲ್ಲಾ ಮುಗಿಸ್ಕೊಂಡೇ ಒಲೆ ಹಚ್ಚೋದು."

"ಭೇಷ್. ಮುಚ್ಚಳ?"

"ಮುಚ್ಚಳ ಇಲ್ದೆ ನೀರು ಕೂಡ ಕಾಯ್ಸಲ್ಲ. ಕುದಿ ಬಂತೋ, ಉರಿ ಸಣ್ಣ."

"ನನ್ನ ಗಿರಾಕಿಗಳೆಲ್ಲ ನಿನ್ನ ಹಾಗಿದ್ರೆ ನಾನು ಅಂಗಡಿ ಮುಚ್ಚಬೇಕಿತ್ತು," ಎಂದು ಅಕ್ಕ ನಕ್ಕಳು.

ಹೊಗಳಿಕೆಗೆ ಉಬ್ಬಿದ ಚೂರಮ್ಮ ಪೈಪಿನ ಅಂಗಿಯ ವಿಷಯವನ್ನೂ ಹೇಳಿದಳು. ಟೇಪಿನ ವಿಷಯ, ರೆಗ್ಯುಲೇಟರಿನ ವಿಷಯ, ಕಿಟಕಿಯ ವಿಷಯ. ಹೇಳುತ್ತಾ ಹೋದಂತೆ ಅಕ್ಕನ ಕೈ ನಿಧಾನವಾಯಿತು. ಆಮೇಲೆ ನಿಂತೇ ಹೋಯಿತು.

"ಬಿರುಕಿಗೆ ಟೇಪು ಸುತ್ತಿದ್ದೀಯಾ?"

"ಗಟ್ಟಿಯಾಗಿ ಸುತ್ತಿದ್ದೀನಿ."

"ಒಲೆ ಪಕ್ಕದ ಶಾಖಕ್ಕೆ ಆ ಟೇಪು ಎಷ್ಟು ದಿನ ನಿಲ್ಲುತ್ತೆ? ಬಿಚ್ಚಿದ್ರೂ ಬಟ್ಟೆಯೊಳಗೆ ಹೇಗೆ ಕಾಣುತ್ತೆ? ಮೇಲೆ ರೆಗ್ಯುಲೇಟರ್ ಬೇರೆ ತೆರೆದೇ ಇದೆ ಅಂತೀಯ. ಮನೇಲಿ ಈಗ ಯಾರಿದ್ದಾರೆ?"

"ಅತ್ತೆ. ಪುಟ್ಟಿ ಶಾಲೆಯಿಂದ ಬರೋ ಹೊತ್ತಾಯ್ತು. ಅವಳು ಬರೋ ಹೊತ್ತಿಗೆ ಅತ್ತೆ ಹಾಲು ಬಿಸಿ ಮಾಡಿಡ್ತಾರೆ."

"ಅವರಿಗೆ ವಾಸನೆ ಗೊತ್ತಾಗುತ್ತಾ?"

ಚೂರಮ್ಮನಿಗೆ ಪುಟ್ಟಿಯ ಬೆಳಗಿನ ಮಾತು ನೆನಪಾಯಿತು. *ಅಮ್ಮ, ಅಡುಗೆಮನೇಲಿ ಏನೋ ಕೊಳ್ತಿದೆ.*

"ಇಲ್ಲ," ಎಂದಳು.

ಅಕ್ಕ ಆಗಲೇ ಎದ್ದಿದ್ದಳು. "ಪಕ್ಕದವರಿಗೆ ಫೋನ್ ಮಾಡು. ಅತ್ತೇನ ಹೊರಗೆ ಕರೀಲಿ. ಬೆಲ್ ಒತ್ತಬಾರದು ಅಂತ ಹೇಳು, ಕೈಯಲ್ಲಿ ಬಾಗಿಲು ತಟ್ಟಲಿ. ಬೆಲ್ಲಿನ ಒಂದು ಕಿಡಿ ಸಾಕು."

ಮೇಲ್ಮನೆಯಾಕೆಯ ಫೋನು ಹೊಡೆದುಕೊಂಡಿತು, ಹೊಡೆದುಕೊಂಡಿತು, ನಿಂತುಹೋಯಿತು. ಇಬ್ಬರೂ ಓಡಿದರು.

ದಿನವೂ ಹತ್ತು ನಿಮಿಷದ ದಾರಿ ಅದು. ಅಂದು ಮುಗಿಯಲೇ ಇಲ್ಲ. ಬೇಕರಿ, ದಿನಸಿ ಅಂಗಡಿ, ಬಸ್ಸಿಗೆ ಕಾಯುವವರ ಸಾಲು. ಎಲ್ಲೋ ಧಡ್ ಎಂದು ಲಾರಿಯ ಹಿಂಬಾಗಿಲು ಬಿದ್ದ ಸದ್ದಿಗೆ ಚೂರಮ್ಮ ರಸ್ತೆಯ ನಡುವೆಯೇ ಕಿವಿ ಮುಚ್ಚಿ ಕುಸಿದಳು. ಅಕ್ಕ ರಟ್ಟೆ ಹಿಡಿದು ಎಬ್ಬಿಸಿದಳು. "ಅದಲ್ಲ. ಅದಲ್ಲ ಕಣೇ. ನಡಿ."

ಬೀದಿಯ ತಿರುವಿನಲ್ಲಿ ಪುಟ್ಟಿ ಚೀಲ ಎಳೆದುಕೊಂಡು ಬರುತ್ತಿದ್ದಳು. ಅಕ್ಕ ಅವಳನ್ನು ಅಲ್ಲೇ ಇದ್ದ ಸೈಕಲ್ ಅಂಗಡಿಯವನ ಕೈಗೆ ಒಪ್ಪಿಸಿದಳು. "ನಾನು ಕರೆಯೋವರೆಗೂ ಬಿಡಬೇಡಪ್ಪ." ಅವನು ಏಕೆಂದು ಕೇಳಲಿಲ್ಲ. ತನ್ನ ಸ್ಟೂಲನ್ನು ಮಗುವಿಗೆ ಕೊಟ್ಟು ತಾನು ನಿಂತುಕೊಂಡ.

ಮನೆಯ ಬಾಗಿಲು ಅರೆ ತೆರೆದಿತ್ತು. ನೆಗಡಿಯ ಮೂಗಿಗೂ ಈಗ ವಾಸನೆ ಹೊಡೆಯಿತು. ಒಳಗೆ, ಕಿಟಕಿ ಮುಚ್ಚಿದ ಮಬ್ಬು ಅಡುಗೆಮನೆಯಲ್ಲಿ, ಅತ್ತೆ ಬೆನ್ನು ತಿರುಗಿಸಿ ನಿಂತಿದ್ದರು. ಒಂದು ಕೈಯಲ್ಲಿ ಬೆಂಕಿಪೊಟ್ಟಣ. ಇನ್ನೊಂದು ಕೈ ಗೋಡೆಯ ಮೇಲೆ ಲೈಟಿನ ಸ್ವಿಚ್ಚನ್ನು ತಡಕುತ್ತಿತ್ತು.

ಚೂರಮ್ಮ ಕಿರುಚಲು ಬಾಯಿ ತೆರೆದಳು. ಅಕ್ಕ ಅವಳ ಬಾಯಿಯ ಮೇಲೆ ಅಂಗೈ ಇಟ್ಟಳು. ಕಿರುಚಿದರೆ ಮುದುಕಿ ಬೆಚ್ಚುತ್ತಾರೆ, ಬೆಚ್ಚಿದ ಕೈ ಸ್ವಿಚ್ಚಿನ ಮೇಲೇ ಬೀಳುತ್ತದೆ. ಮಗುವನ್ನು ಮಲಗಿಸುವವಳ ದನಿಯಲ್ಲಿ ಅಕ್ಕ ಕರೆದಳು:

"ಅಮ್ಮಾ, ನಿಮ್ಮ ಸೊಸೆಗೆ ಬೀದೀಲಿ ತಲೆ ಸುತ್ತಿಬಿಡ್ತು. ಸ್ವಲ್ಪ ಬಂದು ಹಿಡ್ಕೊಳ್ತೀರಾ?"

ಅತ್ತೆ ತಿರುಗಿದರು. ಸ್ವಿಚ್ಚಿನ ಬಳಿಯಿದ್ದ ಕೈ ಕೆಳಗಿಳಿಯಿತು. "ಅಯ್ಯೋ, ಬೆಳಿಗ್ಗೆಯಿಂದ ಏನೂ ತಿಂದಿಲ್ಲ ಇವಳು! ನಾನು ಹೇಳಿದ್ರೆ ಕೇಳ್ತಾಳಾ?" ಎನ್ನುತ್ತ ಬೆಂಕಿಪೊಟ್ಟಣವನ್ನು ಕಟ್ಟೆಯ ಮೇಲಿಟ್ಟು, ಮಂಡಿ ಹಿಡಿದುಕೊಂಡು, ಒಂದೊಂದೇ ಹೆಜ್ಜೆ ಇಡುತ್ತ ಹೊರಗೆ ಬಂದರು. ಚೂರಮ್ಮ ಅವರನ್ನು ಎಷ್ಟು ಬಿಗಿಯಾಗಿ ತಬ್ಬಿಕೊಂಡಳೆಂದರೆ, "ಬಿಡೇ, ಮೂಳೆ ಮುರಿಯುತ್ತೆ" ಎಂದು ಅವರು ಕೂಗಿಕೊಂಡರು.

ಅಕ್ಕ ಚಪ್ಪಲಿ ಬಿಟ್ಟು, ಮೂಗಿಗೆ ಬಟ್ಟೆ ಹಿಡಿದು ಒಳಗೆ ಹೋದಳು. ರೆಗ್ಯುಲೇಟರ್ ಆರಿಸಿದಳು. ಕಿಟಕಿ, ಹಿಂಬಾಗಿಲು ಎಲ್ಲವನ್ನೂ ತೆರೆದಳು. ಯಾವ ಸ್ವಿಚ್ಚನ್ನೂ ಮುಟ್ಟಲಿಲ್ಲ. ಫ್ಯಾನು ಹಾಕಿ ವಾಸನೆ ಓಡಿಸೋಣವೆಂದು ಹೋಗುವವರೇ ಹೆಚ್ಚು ಎಂದು ಆಮೇಲೆ ಹೇಳಿದಳು. ಹೊರಗೆ ಬಂದು, ದೂರ ನಿಂತು ಗ್ಯಾಸ್ ಏಜೆನ್ಸಿಗೆ ಫೋನು ಮಾಡಿದಳು.

ಗಾಳಿಯಾಡಿ ವಾಸನೆ ಪೂರ್ತಿ ಹೋದ ಮೇಲೆ ಅಕ್ಕ ಪೈಪನ್ನು ಬಿಚ್ಚಿ ಹೊರಗೆ ತಂದು ಹೂವಿನ ಅಂಗಿಯನ್ನು ಕಳಚಿದಳು. ಟೇಪು ಸುರುಟಿ ಹೋಗಿತ್ತು. ಪೈಪನ್ನು ಬಗ್ಗಿಸಿದಾಗ ಬಿರುಕು ಮೀನಿನ ಬಾಯಿಯಂತೆ ತೆರೆಯಿತು.

"ಇದರ ಮೇಲೆ ತಾರೀಖು ಅಚ್ಚಾಗಿದೆ ನೋಡು. ಯಾವತ್ತೋ ಮುಗಿದಿದೆ."

ಚೂರಮ್ಮ ಮೆಟ್ಟಿಲ ಮೇಲೆ ಕೂತಿದ್ದಳು. "ನಾಳೆಗೆ ಇರಲಿ ಅಂತ ತಾನೇ ಅಕ್ಕ ನಾನು ಉಳಿಸಿದ್ದು? ನಾನು ಮಾಡಿದ್ದೆಲ್ಲಾ ತಪ್ಪಾ ಹಾಗಾದ್ರೆ?"

"ಎಲ್ಲಾ ತಪ್ಪಲ್ಲ. ನೆನೆಸಿದ ಕಾಳು, ಮುಚ್ಚಳ, ಚೀಟಿ, ಮಗುವಿನ ಲಂಗ ಎಲ್ಲಾ ಮುಂದುವರಿಸು. ಬರ್ನರ್ ತಿಂಗಳಿಗೊಮ್ಮೆ ಉಜ್ಜು, ಉರಿ ನೀಲಿಯಾಗಿ ಬಂದ್ರೆ ಗ್ಯಾಸು ತಾನಾಗೇ ಉಳಿಯುತ್ತೆ. ಅಗಲ ತಳದ ಪಾತ್ರೆ ಇಡು. ಮನೆಮಂದಿ ಒಟ್ಟಿಗೆ ಉಂಡ್ರೆ ಎರಡೆರಡು ಸಲ ಬಿಸಿ ಮಾಡೋದು ತಪ್ಪುತ್ತೆ. ಉಳಿಸೋ ಮೊದಲು ಒಂದೇ ಪ್ರಶ್ನೆ ಕೇಳ್ಕೋ: ಇದು ಕೈಕೊಟ್ರೆ ಏನು ಹೋಗುತ್ತೆ? ಸೋಪು ಹೋದ್ರೆ ಸೋಪು. ಪೈಪು ಕೈಕೊಟ್ರೆ?"

ಅತ್ತೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಿದ್ದರು.

"ಹಾಗಾದ್ರೆ ನಾನೂ ಒಂದು ಹೇಳಿಬಿಡ್ತೀನಿ," ಎಂದರು. "ಬೈಬೇಡ ಕಣೇ. ಎರಡು ತಿಂಗಳಿಂದ ಬಿಪಿ ಮಾತ್ರೆ ಅರ್ಧ ಮುರಿದು ನುಂಗ್ತಿದ್ದೀನಿ. ನೀನು ಅಷ್ಟು ಕಷ್ಟಪಡೋದು ನೋಡಿ, ನನ್ನ ಕೈಲಾದದ್ದು ಅಂತ..."

ತನ್ನ ಹೆದರಿಕೆ ತನ್ನೊಬ್ಬಳದೇ ಎಂದು ಚೂರಮ್ಮ ಅಂದುಕೊಂಡಿದ್ದಳು. ಅದು ಅತ್ತೆಯ ಮಾತ್ರೆಯ ಡಬ್ಬಿಯೊಳಗೂ ಕೈ ಹಾಕಿತ್ತು.

"ನಾಳೆ ಬೆಳಿಗ್ಗೆಯೇ ಆಸ್ಪತ್ರೆಗೆ ಕರ್ಕೊಂಡು ಹೋಗು," ಎಂದಳು ಅಕ್ಕ. "ನಡೆದದ್ದನ್ನ ನಡೆದ ಹಾಗೇ ಹೇಳಿ. ಅದೇ ಔಷಧಿ ಕಡಿಮೆ ಬೆಲೆಗೆ ಎಲ್ಲಿ ಸಿಗುತ್ತೆ ಅಂತ ಡಾಕ್ಟರನ್ನೇ ಕೇಳಿ. ಕೇಳೋದಕ್ಕೆ ನಾಚಿಕೆ ಯಾಕೆ?"

"ನಾಚಿಕೆ ಏನಿಲ್ಲಮ್ಮ," ಎಂದರು ಅತ್ತೆ. "ಮೂಗು ಹೋಗಿದೆ. ಇನ್ನು ನಾಚಿಕೆ ಒಂದನ್ನ ಇಟ್ಕೊಂಡು ಏನು ಮಾಡ್ಲಿ?"

ಚೂರಮ್ಮನಿಗೆ ಅಳುವಿನ ನಡುವೆಯೇ ನಗು ಬಂತು.

ಇದನ್ನು ಓದುತ್ತಿರುವ ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ಈ ಹಾಳೆಯನ್ನು ಮಡಿಸುವ ಮೊದಲು ಒಮ್ಮೆ ನಿಮ್ಮ ಅಡುಗೆಮನೆಗೆ ಹೋಗಿ ಬನ್ನಿ. ಗ್ಯಾಸಿನ ಪೈಪಿನ ಮೇಲೆ ಬಟ್ಟೆ, ಟೇಪು ಇದ್ದರೆ ತೆಗೆದು ನೋಡಿ. ಬಿರುಕು ಬಿಟ್ಟಿದ್ದರೆ, ತಾರೀಖು ಮುಗಿದಿದ್ದರೆ ಇಂದೇ ಬದಲಿಸಿ. ಸೋರುತ್ತಿದೆಯೇ ಎಂದು ನೋಡಲು ಸೋಪಿನ ನೊರೆ ಹಚ್ಚಿ, ಬೆಂಕಿಕಡ್ಡಿ ಗೀರಬೇಡಿ. ಅಡುಗೆ ಮುಗಿದೊಡನೆ ರೆಗ್ಯುಲೇಟರನ್ನೂ ಆರಿಸಿ. ವಾಸನೆ ಬಂದರೆ ಸ್ವಿಚ್ಚನ್ನು ಹಾಕಲೂ ಬೇಡಿ, ಆರಿಸಲೂ ಬೇಡಿ. ಬಾಗಿಲು ತೆರೆದು ಎಲ್ಲರನ್ನೂ ಹೊರಗೆ ಕರೆದುಕೊಂಡು ಹೋಗಿ, ಹೊರಗಿನಿಂದ ಫೋನು ಮಾಡಿ. ಮನೆಯ ಹಿರಿಯರ ಮಾತ್ರೆಯ ಡಬ್ಬಿಯನ್ನೂ ತೆರೆದು ನೋಡಿ, ಅರ್ಧ ಮಾತ್ರೆಗಳು ಕಂಡರೆ ಗದರಿಸಬೇಡಿ, ಪಕ್ಕದಲ್ಲಿ ಕೂತು ಕೇಳಿ. ಕೈ ಬಿಗಿಹಿಡಿದು ಸಂಸಾರ ನಡೆಸುವುದು ಒಳ್ಳೆಯದು. ಆದರೆ ನೀವು ಉಳಿಸುವುದು ನಿಮ್ಮವರಿಗಾಗಿ. ಮೊದಲು ನಿಮ್ಮವರು ಉಳಿಯಲಿ.

ಅಂದು ಸಂಜೆ ಅಕ್ಕ ಹೊಸ ಪೈಪು ಹಾಕಿಕೊಟ್ಟರೂ ಒಲೆ ಹಚ್ಚಲು ಬಿಡಲಿಲ್ಲ. ಏಜೆನ್ಸಿಯವರು ಬೆಳಿಗ್ಗೆ ಬಂದು ರೆಗ್ಯುಲೇಟರ್ ನೋಡಿದ ಮೇಲೆಯೇ ಎಂದು ಹೇಳಿ ಹೋದಳು. ಗಂಡ ಕೆಲಸ ಹುಡುಕಲು ಹೋಗಿ ಬಂದವನು ವಿಷಯ ಕೇಳಿ ಮಗಳನ್ನು ತೊಡೆಯ ಮೇಲಿಂದ ಇಳಿಸಲೇ ಇಲ್ಲ. ಎಲ್ಲ ಕಿಟಕಿಗಳೂ ತೆರೆದಿದ್ದವು. ನಾಲ್ವರೂ ಇನ್ನೂ ಉಂಡಿರಲಿಲ್ಲ.

ಮಹಡಿಯ ಮೆಟ್ಟಿಲಲ್ಲಿ ಚಪ್ಪಲಿಯ ಸದ್ದಾಯಿತು. ಮೇಲ್ಮನೆಯಾಕೆ ಬಂದಳು. ಅಂದು ಅವಳ ಬಾಯಲ್ಲಿ ಕುಚೋದ್ಯ ಇರಲಿಲ್ಲ. ಬಟ್ಟೆ ಒಗೆಯುತ್ತಿದ್ದು ಫೋನು ಕೇಳಿಸಲಿಲ್ಲ ಎಂದು ಹೇಳಿ, ಬಿಸಿ ಅನ್ನ ಮತ್ತು ಬೇಯಿಸಿದ ಕಾಳಿನ ಪಾತ್ರೆಯನ್ನು ಚೂರಮ್ಮನ ಎರಡೂ ಕೈಗಳಲ್ಲಿ ಇಟ್ಟು ಮೇಲೆ ಹೋದಳು.