ಎರಡನೆಯ ಮಿಖಾಯೆಲ್

ಸುರಂಗದಿಂದ ಎಸ್-ಬಾನ್ ರೈಲು ಹೊರಬಿದ್ದದ್ದೇ ಕಿಟಕಿಯ ಗಾಜಿನಲ್ಲಿದ್ದ ತನ್ನ ಮುಖ ಅಳಿಸಿಹೋಗಿ ಬಿಸಿಲು, ನೆಕ್ಕರ್ ನದಿ, ದ್ರಾಕ್ಷಿ ಬೆಳೆದ ಗುಡ್ಡ — ಈ ಗುಡ್ಡದ ಹಿಂದಿನ ಹಳ್ಳಿಯಿಂದಲೇ ಅಲ್ಲವೇ ಅವನು ಹೊರಟದ್ದು, ಪ್ರಭಾ ಅಂದುಕೊಂಡಳು, ಅಮೆರಿಕ ಇನ್ನೂ ಇಂಗ್ಲಿಷರ ವಸಾಹತಾಗಿದ್ದಾಗ ಪೆನ್ಸಿಲ್ವೇನಿಯಕ್ಕೆ ಹಡಗು ಹತ್ತಿದ ಮಿಖಾಯೆಲ್, ಅಳಿಯ ಡೇನಿಯಲ್‌ನ ವಂಶದ ಮೂಲಪುರುಷ, ಎರಡು ವರ್ಷದ ಮಗುವಾಗಿದ್ದಾಗಲೇ ತೀರಿಕೊಂಡನೆಂದು ತಾನು ಷರಾ ಬರೆದುಬಿಟ್ಟಿದ್ದವನು. ನಿವೃತ್ತಿಯಾದ ಮೇಲೆ ಹೊತ್ತು ಹೋಗಲೆಂದು ಹಳೆಯ ಜರ್ಮನ್ ಕೈಬರಹ ಕಲಿತದ್ದು, ಇರುವೆ ಸಾಲಿನಂಥ ಆ ಅಕ್ಷರ, ಹುಟ್ಟಲಿರುವ ಮೊಮ್ಮಗುವಿಗೆ ಅಪ್ಪನ ಕಡೆಯ ವಂಶವೃಕ್ಷ ಬರೆದುಕೊಡುತ್ತೇನೆಂದು ಜಂಬ ಕೊಚ್ಚಿದ್ದು, ಚರ್ಚಿನ ದಾಖಲೆಯಲ್ಲಿ ಮಿಖಾಯೆಲ್ ಹೆಸರಿನ ಪಕ್ಕ ಸತ್ತವರಿಗೆ ಹಾಕುವ ಶಿಲುಬೆಯ ಗುರುತು ಕಂಡದ್ದೇ ಪುಸ್ತಕ ಮುಚ್ಚಿದ್ದು. ಮುಂದೆ ಹುಡುಕಬೇಕೆಂದು ಯಾಕಾದರೂ ಹೊಳೆಯಬೇಕು, ಸತ್ತ ಮಗುವಿನ ಹೆಸರನ್ನು ಇನ್ನೊಂದಕ್ಕೆ ಇಡುವವರುಂಟೇ, ತಾತನದು ಸರಿ, ಅಜ್ಜಿಯದು ಸರಿ, ಬಾಳಿ ಬದುಕಿ ಹೋದವರು ಅವರು — ಹಾಗಾದರೆ ನಾವು ಯಾವ ಊರಿನವರು ಪ್ರಭಾ, ಎಂದಿದ್ದರು ಅದನ್ನು ಕೇಳಿ ಅಮೆರಿಕದಿಂದ ಡೇನಿಯಲ್‌ನ ತಂದೆ, ಅಷ್ಟು ವಯಸ್ಸಾದವರ ದನಿ ಅಷ್ಟು ಸಣ್ಣಗಾಗಬಾರದು. ಇವತ್ತು ದಾಖಲೆಗಳ ಕೋಣೆಯಲ್ಲಿ ಬೇರೆ ಏನನ್ನೋ ಹುಡುಕುತ್ತ ಮಗುಚಿದ ಹಾಳೆಯಲ್ಲಿ ಅದೇ ಅಪ್ಪ, ಅದೇ ಅಮ್ಮ ಅನ್ನಾ ಬಾರ್ಬರಾ, ಹೊಸ ಮಗು, ಮಿಖಾಯೆಲ್. ಶಿಲುಬೆಯಿಲ್ಲ. ಆಗೆಲ್ಲ ಇಲ್ಲಿ ಹಾಗೇ ಇಡುತ್ತಿದ್ದರು, ಎಂದರು ಪಕ್ಕದ ಮೇಜಿನ ಮುದುಕರು, ನಾಳೆ ಮಳೆ ಬರುತ್ತದೆ ಎನ್ನುವವರ ಹಾಗೆ. ಹೇಗೆ ಕರೆದಿರಬೇಕು ಆ ತಾಯಿ, ಊಟದ ಹೊತ್ತಿಗೆ ಬಾಗಿಲಲ್ಲಿ ನಿಂತು ಮಿಖಾಯೆಲ್ ಎಂದು ಕೂಗಿದರೆ ತಿರುಗುವ ತಲೆ ಇನ್ನೊಬ್ಬನದು.

ಗಂಡಾದ್ರೆ ಪ್ರದ್ಯುಮ್ನ ಅಂತ ಇಡೋಣ ಅಮ್ಮಾ, ಎಂದಿದ್ದಳು ಲೀನಾ ಹೋದ ಭಾನುವಾರ, ತುಂಬಿದ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು. ನಮ್ಮಲ್ಲಿ ಹಾಗೆಲ್ಲ ಇಡಲ್ಲ ಕಣೇ. ವರೂಮ್, ಯಾಕಮ್ಮಾ, ಅವ್ನು ನನ್ನ ಅಣ್ಣ ಅಲ್ವಾ, ನಾನಂತೂ ನೋಡೇ ಇಲ್ಲ, ನೀನು ಹೆಸರೂ ಎತ್ತಲ್ಲ. ಎತ್ತುವುದು ಹೇಗೆ, ಮೂರು ತುಂಬದ ಪ್ರದ್ಯುಮ್ನ, ಪಾರ್ಕಿನಲ್ಲಿ ಪಾರಿವಾಳ ಅಟ್ಟಿಸಿಕೊಂಡು ಹೋಗಿ, ಕರೆದರೆ ಬರುತ್ತಿರಲಿಲ್ಲ ತುಂಟ, ತಲೆಯೊಂದನ್ನು ತಿರುಗಿಸಿ ನಗುತ್ತಿದ್ದ, ಜ್ವರದ ಆ ಬೆಳಿಗ್ಗೆ ಆಸ್ಪತ್ರೆಯಲ್ಲಿ ಎಷ್ಟು ಕರೆದರೂ ತಿರುಗಲಿಲ್ಲ — ಇನ್ನೊಬ್ಬ ಆ ಹೆಸರಿಗೆ ತಿರುಗತೊಡಗಿದರೆ ಅವನದೆಂದು ತನ್ನ ಹತ್ತಿರ ಏನು ಉಳಿಯುತ್ತದೆ, ಭಯ, ಬರೀ ಭಯ ಇದು, ಶಾಸ್ತ್ರದ ಮಾತೆಲ್ಲ ಮೇಲುಹೊದಿಕೆ. ಬಾಯಿ ಬಿಡದೆ ಇದ್ದುಬಿಡಬಹುದು, ಆ ಹಾಳೆ ಮಗುಚಲು ಇನ್ಯಾರು ಬರುತ್ತಾರೆ, ಹೇಳಿದರೆ ನಮ್ಮಲ್ಲಿ ಇಡಲ್ಲ ಎಂಬ ಮಾತಿಗೆ ಬೆಲೆಯಿಲ್ಲ, ಹುಟ್ಟುವ ಮಗು ಆ ಮಿಖಾಯೆಲ್‌ನ ವಂಶದ್ದೂ ಹೌದಲ್ಲ. ಹೇಳದಿದ್ದರೆ ಅಮೆರಿಕದ ಆ ಹಿರಿಯರಿಗೆ ಊರಿಲ್ಲ, ಈ ಗುಡ್ಡವಿಲ್ಲ. ಫೋನು. ಲೀನಾ. ಎಲ್ಲಿದೀಯಮ್ಮಾ, ಏನಾದ್ರೂ ಸಿಕ್ತಾ? ಸಿಕ್ಕಿದ, ಎಂದುಬಿಟ್ಟಿತು ಬಾಯಿ, ಸತ್ತವನ ತಮ್ಮ ಕಣೇ, ಅವನಿಗೂ ಅದೇ ಹೆಸರು ಇಟ್ಟಿದ್ರು. ಗೆದ್ದೆ ಎನ್ನುತ್ತಾಳೆಂದು ಕಾದರೆ, ಮೆತ್ತಗೆ, ಅಮ್ಮಾ, ಅಣ್ಣನ್ನ ನೀನು ಹೇಗೆ ಕರೀತಿದ್ದೆ?

ಪ್ರದ್ಯುಮ್ನಾ — ಗಟ್ಟಿಯಾಗಿಯೇ ಬಂತು, ಅನ್ನ ಕಲಸಿಟ್ಟುಕೊಂಡು ಕೂಗುವ ದನಿ, ಬೋಗಿಯಲ್ಲಿದ್ದವರೆಲ್ಲ ಕತ್ತೆತ್ತಿದರು, ಮುಂದಿನ ಸೀಟಿನ ಮೇಲೆ ಮೊಳಕಾಲೂರಿ ಹೊರಗೆ ನೋಡುತ್ತಿದ್ದ ಯಾರದೋ ಮಗು ತಲೆ ತಿರುಗಿಸಿತು, ತಲೆ ತಿರುಗಿಸಿ ಅವಳನ್ನೇ ನೋಡಿತು.