ಸಟ್ಟುಗ ಮನೆಯಲ್ಲೇ ಇರಲಿ

ಹೋಟೆಲಿನವರಿಗೆ ಒಂದು ಕಾಯಿಲೆ ಇದೆ. ನೆಂಟರ ಮನೆಗೆ ಹೋದರೂ ಕೈಕಟ್ಟಿ ಕೂರಲು ಬರುವುದಿಲ್ಲ. ನನ್ನ ಗಂಡ ಸುಬ್ಬರಾಯರಿಗಂತೂ ಅದು ಹುಟ್ಟುಗುಣ. ಆ ಗುಣವೇ ಅವರನ್ನು ಅಕ್ಕನ ಮುಖ ನೋಡದ ಹಾಗೆ ಮಾಡುವುದರಲ್ಲಿತ್ತು.

ನಾನು ಮಂದಾಕಿನಿ. ಉಡುಪಿ ಕಡೆಯವರು ನಾವು. ವಡೋದರಾದ ಫತೇಗಂಜ್‌ನಲ್ಲಿ ಇಪ್ಪತ್ತೆಂಟು ವರ್ಷಗಳಿಂದ ಇಡ್ಲಿ-ದೋಸೆಯ ಹೋಟೆಲು ನಡೆಸುತ್ತಿದ್ದೇವೆ. ನಮ್ಮವರಲ್ಲಿ ಯಾರಾದರೂ ಹೊಸ ಹೋಟೆಲು ತೆರೆದರೆ ನೆಂಟರೆಲ್ಲ ಹೋಗಿ ಮೊದಲ ಕೆಲವು ದಿನ ಅಡುಗೆಮನೆಗೆ ಹೆಗಲು ಕೊಡುವುದು ವಾಡಿಕೆ. ಕೂಲಿಯ ಮಾತೇ ಇಲ್ಲ. ನಮ್ಮ ಹೋಟೆಲು ಶುರುವಾದಾಗ ಇವರ ಅಕ್ಕ ಗಿರಿಜಾ ಸೂರತ್‌ನಿಂದ ಬಂದು ಹದಿನೈದು ದಿನ ಕಾವಲಿಯ ಮುಂದೆ ನಿಂತು ದೋಸೆ ಹೊಯ್ದಿದ್ದರು. ತಾಯಿಯಿಲ್ಲದ ತಮ್ಮನನ್ನು ಸಾಕಿದವರೂ ಅವರೇ. ಆ ಋಣ ನಮ್ಮ ಮನೆಯಲ್ಲಿ ದಿನಾ ನೆನಪಾಗುತ್ತದೆ.

ಈಗ ಅಕ್ಕ ಇಂಗ್ಲೆಂಡಿನ ಲೆಸ್ಟರ್‌ನಲ್ಲಿ ಮಗ ನಿತೇಶನ ಜೊತೆ ಇದ್ದಾರೆ. ವಯಸ್ಸು ಎಪ್ಪತ್ತೆರಡು. ಮಂಡಿನೋವಿನಿಂದ ಅಷ್ಟು ದೂರ ವಿಮಾನದಲ್ಲಿ ಬರಲಾರರು. ತಮ್ಮನ ಮುಖ ನೋಡಿ ಒಂಬತ್ತು ವರ್ಷವಾಗಿತ್ತು. ಕಳೆದ ವರ್ಷ ನಿತೇಶ ಅಲ್ಲೇ ಹೋಟೆಲು ತೆರೆಯುತ್ತೇನೆಂದು ಫೋನ್ ಮಾಡಿದ. ಇವರು ಕುಣಿದಾಡಿದರು. ಪಾಸ್‌ಪೋರ್ಟ್ ಹುಡುಕುವ ಮೊದಲೇ ಸಟ್ಟುಗ ತೊಳೆದು ಚೀಲಕ್ಕೆ ಹಾಕಿದರು!

ಪೇಟೆಯ ವೀಸಾ ಏಜೆಂಟನೊಬ್ಬನ ಹತ್ತಿರವೂ ಹೋಗಿ ಬಂದರು. ಮರುದಿನ ಬೆಳಿಗ್ಗೆ ತಿಂಡಿಗೆ ಬಂದ ಅರ್ಪಿತಾಳ ಮುಂದೆ ಅದೇ ಸುದ್ದಿ. ಅರ್ಪಿತಾ ಧಾರವಾಡದ ಹುಡುಗಿ. ಇಲ್ಲಿನ ಕಂಪನಿಯೊಂದರಲ್ಲಿ ಹೊರದೇಶಕ್ಕೆ ಹೋಗುವ ನೌಕರರ ಕಾಗದಪತ್ರ ನೋಡಿಕೊಳ್ಳುತ್ತಾಳೆ.

"ಏಜೆಂಟ್ ಎಂತ ಹೇಳಿದ ಗೊತ್ತುಂಟಾ?" ಎಂದರು ಇವರು. "ಅಳಿಯನ ಹೋಟೆಲಿನ ಸುದ್ದಿಯೇ ಎತ್ತುವುದು ಬೇಡವಂತೆ. ಊರು ನೋಡ್ಲಿಕ್ಕೆ ಹೋಗುವುದು ಅಂತ ಬರೆದು, ಸುಳ್ಳು ರೂಮ್ ಬುಕಿಂಗ್ ಮಾಡಿ ಕೊಡ್ತಾನಂತೆ. ವೀಸಾ ಸಿಕ್ಕಿದ ಮೇಲೆ ನಾನು ಎರಡು ತಿಂಗಳು ದೋಸೆ ಹೊಯ್ದರೆ ಯಾರು ನೋಡ್ತಾರೆ?"

ಅರ್ಪಿತಾ ಬಾಯಿಗೆ ಒಯ್ದ ಇಡ್ಲಿಯನ್ನು ತಟ್ಟೆಗಿಟ್ಟಳು. "ಕಾಕಾ, ಹಂಗ ಮಾತ್ರ ಮಾಡಬ್ಯಾಡ್ರಿ. ವಿಸಿಟರ್ ವೀಸಾದಾಗ ಹೋದವರು ಅಲ್ಲಿ ಕೆಲಸ ಮಾಡಂಗಿಲ್ಲ."

"ಕೆಲಸ ಎಲ್ಲಿ ಮಾರಾಯ್ತಿ? ಒಂದು ಪೈಸೆ ತಗೊಳ್ಳುವುದಿಲ್ಲ ನಾನು. ಅಕ್ಕನ ಮಗನಿಗೆ ಒಂಚೂರು ಸಹಾಯ, ಅಷ್ಟೇ."

"ಪಗಾರ ತಗೊಂಡ್ರೂ ಅಷ್ಟ, ಬಿಟ್ರೂ ಅಷ್ಟ. ಹೋಟೆಲ್‌ನ್ಯಾಗ ನಿಂತು ದೋಸೆ ಹಾಕಿದ್ರ ಅದು ಕೆಲಸನ. ಕೆಲಸಕ್ಕ ಬ್ಯಾರೆ ವೀಸಾ, ಓದಾಕ ಬ್ಯಾರೆ ವೀಸಾ. ಊರು ನೋಡಾಕ, ಬಂಧುಗಳನ್ನ ಭೆಟ್ಟಿ ಆಗಾಕ ಇರೂದು ವಿಸಿಟರ್ ವೀಸಾ."

"ಏಜೆಂಟ್ ಹೇಳಿದ ಹಾಗೆಯೇ ಬರೆದ್ರೆ ಎಂತ ಆಗ್ತದೆ?"

"ಸುಳ್ಳು ಕಾಗದ ಸಿಕ್ಕಿಬಿದ್ರ ಹತ್ತು ವರ್ಷ ಆ ದೇಶದಾಗ ಕಾಲಿಡಾಕ ಬಿಡೂದಿಲ್ಲ. ಅರ್ಜಿ ನಿಮ್ಮ ಹೆಸರಿನ್ಯಾಗ ಇರ್ತೈತಿ ಕಾಕಾ, ಏಜೆಂಟನ ಹೆಸರಿನ್ಯಾಗ ಅಲ್ಲ."

ಅಕ್ಕನ ಎಪ್ಪತ್ತೆರಡಕ್ಕೆ ಹತ್ತು ಸೇರಿಸಿದರೆ ಎಂಬತ್ತೆರಡು. ಅಷ್ಟು ಹೊತ್ತು ಅರಳು ಹುರಿದ ಹಾಗೆ ಮಾತಾಡುತ್ತಿದ್ದ ಮನುಷ್ಯ ಬೆರಳು ಮಡಚಿ ಅದೇ ಲೆಕ್ಕ ಹಾಕತೊಡಗಿದರು. ಅವರ ಮುಖ ನೋಡಲಾಗದೆ ನಾನೇ ಕೇಳಿದೆ, "ಈಗ ದಾರಿ ಎಂತ ಅರ್ಪಿತಾ?"

"ಖರೇ ಹೇಳೂದ ದಾರಿ, ಕಾಕೂ. ಅಕ್ಕನ್ನ ನೋಡಾಕ ಹೊಂಟೇನಿ, ಅಳಿಯನ ಹೋಟೆಲ್ ಪೂಜಾಕ್ಕ ಕೂಡ್ತೇನಿ, ಇಪ್ಪತ್ತು ದಿನಕ್ಕ ತಿರುಗಿ ಬರ್ತೇನಿ ಅಂತ ಬರೀರಿ. ನಿತೇಶ್ ಅವರಿಂದ ಒಂದು ಆಹ್ವಾನ ಪತ್ರ ತರಿಸ್ರಿ. ನಿಮ್ಮ ಹೋಟೆಲ್ ಲೈಸೆನ್ಸ್, ಮನಿ ಕಾಗದ, ಬ್ಯಾಂಕ್ ಸ್ಟೇಟ್‌ಮೆಂಟ್ ಇದ್ದದ್ದು ಇದ್ದಂಗ ಕೊಡ್ರಿ. ತಿರುಗಿ ಬರಾಕ ನಿಮಗ ಇಲ್ಲೊಂದು ಸಂಸಾರ ಐತಿ ಅಂತ ಅವರಿಗೆ ಕಾಣಬೇಕು."

"ಅದು ನಾನೇ ಅಲ್ವಾ! ಇಗೋ, ಕ್ಯಾಶಿನಲ್ಲಿ ಕೂತಿದ್ದೇನೆ," ಎಂದೆ. ಆಗ ಇವರೂ ನಕ್ಕರು.

ಅಂದು ಸಂಜೆ ಅರ್ಪಿತಾ ಲ್ಯಾಪ್‌ಟಾಪ್ ತಂದು ಆ ದೇಶದ ಸರ್ಕಾರಿ ವೆಬ್‌ಸೈಟನ್ನೇ ತೆರೆದು, ಒಂದೊಂದು ಸಾಲನ್ನೂ ಕನ್ನಡದಲ್ಲಿ ಹೇಳಿದಳು. ಹಲವು ವರ್ಷ ನಡೆಯುವ ವಿಸಿಟರ್ ವೀಸಾ ಕೂಡ ಇದೆಯಂತೆ. ಆದರೆ ಅದರಲ್ಲೂ ಒಂದು ಸಲಕ್ಕೆ ಆರು ತಿಂಗಳಿಗಿಂತ ಹೆಚ್ಚು ಇರುವಂತಿಲ್ಲ. ಇವರಿಗೆ ಆರು ತಿಂಗಳ ವೀಸಾವೇ ಧಾರಾಳವಾಯಿತು. ವೀಸಾ ಬರುವ ತನಕ ಟಿಕೆಟ್ ಕೊಳ್ಳಬೇಡಿ ಎಂದಳು. ಇದ್ದದ್ದನ್ನೇ ಬರೆದು ಅರ್ಜಿ ಹಾಕಿದೆವು. ಇವರು ಬೆರಳಚ್ಚು ಕೊಡಲು ಅಹಮದಾಬಾದಿಗೆ ಹೋಗಿ ಬಂದ ಮೇಲೆ ಮೂರು ವಾರ ಕಾದೆವು. ವೀಸಾ ಬಂತು.

ಹೊರಡುವ ದಿನ ಚೀಲದಿಂದ ಸಟ್ಟುಗವನ್ನು ನಾನೇ ತೆಗೆದು ಮೊಳೆಗೆ ನೇತುಹಾಕಿದೆ. ಇವರ ಮುಖ ಸಣ್ಣದಾಯಿತು. ಅಲ್ಲಿ ವಿಮಾನ ಇಳಿದಾಗ ಅಧಿಕಾರಿ, ಅಳಿಯನ ಹೋಟೆಲಿನಲ್ಲಿ ಏನು ಮಾಡುತ್ತೀರಿ ಎಂದು ಕೇಳಿದರಂತೆ. "ತಿನ್ನುವುದು ಮಾತ್ರ ಸರ್" ಎಂದರಂತೆ ಇವರು.

ಹೋಟೆಲು ತೆರೆದ ದಿನ ನಾನು ವಿಡಿಯೋ ಕಾಲ್‌ನಲ್ಲಿ ನೋಡುತ್ತಿದ್ದೆ. ಗಿರಾಕಿಗಳ ಗದ್ದಲ. ಇವರು ಮೂಲೆಯ ಮೇಜಿನಲ್ಲಿ ಕೂತು ಕೈ ಹಿಸುಕಿಕೊಳ್ಳುತ್ತಿದ್ದರು. ಎರಡು ಸಲ ಎದ್ದರು, ಎರಡು ಸಲವೂ ಅಕ್ಕ ಗದರಿಸಿ ಕೂರಿಸಿದರು. ಕೊನೆಗೆ ಅಕ್ಕನೇ ಕೋಲೂರಿಕೊಂಡು ಒಳಗೆ ಹೋಗಿ, ಒಂದು ದೋಸೆ ಹೊಯ್ದು ತಂದು ತಮ್ಮನ ಮುಂದಿಟ್ಟರು.

"ಊರಿಗೆಲ್ಲ ಬಡಿಸಿದ್ದು ಸಾಕು ಸುಬ್ಬ. ಇವತ್ತು ಕೂತು ತಿನ್ನು."

"ನಿನ್ನ ಋಣ ತೀರಿಸ್ಲಿಕ್ಕೆ ಒಂದು ದೋಸೆ ಹೊಯ್ಲಿಕ್ಕೂ ಆಗ್ಲಿಲ್ಲ ಅಕ್ಕ," ಎಂದರು ಇವರು.

"ನೀನು ಬಂದೆಯಲ್ಲ, ಅದೇ ದೊಡ್ಡದು," ಎಂದು ಅಕ್ಕ ತಮ್ಮನ ತಲೆ ಸವರಿದರು. ಇಬ್ಬರೂ ಅತ್ತರು. ಇಲ್ಲಿ ಕ್ಯಾಶಿನಲ್ಲಿ ಕೂತ ನಾನೂ ಅತ್ತೆ.

ಹೇಳಿದ ದಿನಕ್ಕೇ ಇವರು ಮರಳಿ ಬಂದರು. ಮರುದಿನ ಬೆಳಿಗ್ಗೆಯ ಮೊದಲ ದೋಸೆ ಅರ್ಪಿತಾಳ ತಟ್ಟೆಗೆ. "ನಿನ್ನಿಂದಾಗಿ ಅಕ್ಕನ ಕೈಯ ದೋಸೆ ತಿಂದೆ ಮಗಾ," ಎಂದರು ಇವರು. ಆ ಹುಡುಗಿಯ ಉಪಕಾರವನ್ನು ನಾವು ಬದುಕಿರುವವರೆಗೆ ಮರೆಯುವುದಿಲ್ಲ.

ಬಂಧುಗಳೇ, ನೀವೂ ಹೊರದೇಶದಲ್ಲಿರುವ ನಿಮ್ಮವರನ್ನು ನೋಡಲು ಹೊರಟಿದ್ದೀರಾ? ಯಾಕೆ ಹೋಗುತ್ತೀರಿ, ಎಷ್ಟು ದಿನ ಇರುತ್ತೀರಿ ಎಂಬುದನ್ನು ಮೊದಲು ತೀರ್ಮಾನಿಸಿ. ದೇಶಕ್ಕೊಂದು ನಿಯಮ, ಅದೂ ಬದಲಾಗುತ್ತಿರುತ್ತದೆ. ಆ ದೇಶದ ಸರ್ಕಾರಿ ವೆಬ್‌ಸೈಟನ್ನೋ ರಾಯಭಾರ ಕಚೇರಿಯನ್ನೋ ಕೇಳಿ. ಓದಿ ತಿಳಿಯದ ಕಾಗದಕ್ಕೆ ಸಹಿ ಹಾಕಬೇಡಿ. ಕೊಟ್ಟ ಅವಧಿಗಿಂತ ಒಂದು ದಿನವೂ ಹೆಚ್ಚು ನಿಲ್ಲಬೇಡಿ. ಸಟ್ಟುಗ ಮನೆಯಲ್ಲೇ ಇರಲಿ. ಅಲ್ಲಿ ಕಾಯುತ್ತಿರುವವರಿಗೆ ಬೇಕಾಗಿರುವುದು ನೀವು.